ಮೇಲಿಂದ ಎತ್ತಿದ ಹೂಳು

ಲಕ್ಷ್ಮಿಕಾಂತ ಈಜು ಕಲಿತದ್ದು ನೌಕರಿಗಾಗಿ. ಲಕ್ಷ್ಮಿಕಾಂತ ಎಂದರೆ ಇದನ್ನು ಬರೆಯುತ್ತಿರುವವನೇ; ತುಸು ದೂರ ನಿಲ್ಲಿಸಿಕೊಂಡರೆ ಬಯ್ಯಲು ಅನುಕೂಲ ಎಂದು ಹೆಸರು ಹಿಡಿದು ಕರೆದದ್ದು.

೧೯೯೮ರ ಬೇಸಗೆ. ಯಾದಗಿರಿ ಕಡೆಯಿಂದ ಬಂದು, ದೊಮ್ಮಲೂರಿನ ಕೆಳಗಿನ ತಗ್ಗಿನಲ್ಲಿ ಒಂದು ಬಾಡಿಗೆ ರೂಮು ಹಿಡಿದು, ಕಂಡ ಕಂಡ ಜಾಹೀರಾತಿಗೆಲ್ಲ ಅರ್ಜಿ ಗುಜರಾಯಿಸುತ್ತ ಕೂತಿದ್ದ. ಇಂದಿರಾನಗರದ ತರಬೇತಿ ಕೇಂದ್ರವೊಂದು ಸಹಾಯಕನನ್ನು ಹುಡುಕುತ್ತಿದೆ ಎಂದು ಪೇಪರಿನಲ್ಲಿ ಬಂತು. ಮಳೆನೀರು ಮತ್ತು ನೆರೆ ನಿರ್ವಹಣೆಯ ತರಬೇತಿಯಂತೆ. ನೆರೆ ಎಂದಮೇಲೆ ಜನ ಮುಳುಗುತ್ತಾರೆ, ಮುಳುಗಿದವರನ್ನು ಯಾರಾದರೂ ದಡಕ್ಕೆ ಎಳೆಯಬೇಕು, ಅದನ್ನು ಕಲಿಸುವ ಜಾಗದಲ್ಲಿ ಈಜು ಬಾರದವನಿಗೇನು ಕೆಲಸ? ಹೀಗೆ ಯೋಚಿಸಿ ಅವನು ಹಲಸೂರು ಕೆರೆ ಪಕ್ಕದ ಈಜುಕೊಳಕ್ಕೆ ಸೇರಿದ. ಬೇಸಗೆ ರಜೆಯ ಮಕ್ಕಳ ನಡುವೆ ಸೊಂಟಕ್ಕೆ ಟ್ಯೂಬು ಸಿಕ್ಕಿಸಿಕೊಂಡು, "ಅಂಕಲ್, ಸೈಡಿಗೋಗಿ" ಎಂದು ಅವು ಕಿರುಚಿದಾಗ ಸೈಡಿಗೆ ಹೋಗಲೂ ಬಾರದೆ, ಒಂದಷ್ಟು ಕ್ಲೋರಿನ್ ನೀರು ಕುಡಿದು, ಕೊನೆಗೆ ಹೇಗೋ ತೇಲುವುದನ್ನು ಕಲಿತ.

ಸಂದರ್ಶನಕ್ಕೆ ಹೋದರೆ ಕೇಂದ್ರದ ನಿರ್ದೇಶಕ ಸುದರ್ಶನ್ ಎದುರಿಗೆ ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಮೇಜಿನ ಮೇಲೆ ವಿಸಿಟಿಂಗ್ ಕಾರ್ಡುಗಳ ಗೋಪುರ.

"ಏನೇನು ಬರುತ್ತೆ ನಿಮಗೆ?"

"ಸರ್, ಈ ದಡದಿಂದ ಆ ದಡಕ್ಕೆ ನಿಲ್ಲದೆ ಹೋಗ್ತೀನಿ."

ಸುದರ್ಶನ್ ಕಿಟಕಿಯ ಹೊರಗೆ ನೋಡಿದರು. ಅಲ್ಲಿ ದಡ ಇರಲಿಲ್ಲ, ಒಂದು ಬೇಕರಿ ಇತ್ತು. "ಕೈಬರಹ ಹೇಗಿದೆ ಅಂತ ಕೇಳ್ತಿದೀನಿ. ಎದೆಗೆ ಹಾಕ್ಕೊಳ್ಳೋ ಹೆಸರಿನ ಬಿಲ್ಲೆ ಬರೀಬೇಕು. ಊಟಕ್ಕೆ ಹೇಳ್ಬೇಕು. ಪ್ರಮಾಣಪತ್ರಕ್ಕೆ ರಿಬ್ಬನ್ ಕಟ್ಟಬೇಕು."

ಕೈಬರಹ ಚೆನ್ನಾಗಿತ್ತು. ಕೆಲಸ ಸಿಕ್ಕಿತು. ಆಮೇಲೆ ಆ ಕೇಂದ್ರದಲ್ಲಿ ಅವನು ಸಂಭಾಳಿಸಿದ ನೀರೆಂದರೆ ವೇದಿಕೆ ಮೇಲೆ ಸಾಲಾಗಿ ಇಡುವ ಬಾಟಲಿಗಳದ್ದು.

ತರಬೇತಿ ಮೂರು ದಿನ. ಊರೂರಿನ ಚರಂಡಿ, ರಾಜಕಾಲುವೆ ನೋಡಿಕೊಳ್ಳುವ ಎಂಜಿನಿಯರುಗಳು ಬರುತ್ತಿದ್ದರು. ಮೊದಲ ದಿನ ಕತ್ತಲೆ ಕೋಣೆಯಲ್ಲಿ ಸ್ಲೈಡು, ಎರಡನೇ ದಿನ ಬಸ್ಸಿನಲ್ಲಿ ಹೋಗಿ ಒಂದು ಕಾಲುವೆ ನೋಡುವುದು, ಮೂರನೇ ದಿನ ಸಮಾರೋಪ. ಪ್ರತಿಯೊಬ್ಬರಿಗೂ ಒಂದು ಚೀಲ, ಚೀಲದೊಳಗೆ ಬರೆಯುವ ಪ್ಯಾಡು, ಪೆನ್ನು. ಪೆನ್ನು ಪುಕ್ಕಟೆ ಸಿಕ್ಕಿದ್ದಕ್ಕೋ ಏನೋ, ಎಲ್ಲರೂ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಕರೆಂಟು ಹೋಗಿದೆ ಎಂದು ಹೇಳಿದರೆ ಅದನ್ನೂ. ಮಧ್ಯಾಹ್ನದ ಊಟಕ್ಕೆ ಸುದರ್ಶನ್ ಇಟ್ಟ ಹೆಸರು 'ನೆಟ್‌ವರ್ಕಿಂಗ್ ಲಂಚ್'. ಪುಲಾವಿನ ತಟ್ಟೆ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕಾರ್ಡು ಕೊಡುವುದು ಎಂದರ್ಥ. ತಿನ್ನುವುದು ಯಾವ ಕೈಯಲ್ಲಿ ಎಂಬುದನ್ನು ಯಾವ ಸ್ಲೈಡಿನಲ್ಲೂ ಹೇಳಿರಲಿಲ್ಲ.

ಜಲಜಾ ಮೇಡಂ ಅವನಿಗೆ ಪರಿಚಯವಾದದ್ದು ಅವನ ಮೊದಲ ಕೋರ್ಸಿನ ಮೊದಲ ಬೆಳಿಗ್ಗೆ. ಬಿಲ್ಲೆಗಳನ್ನು ಹರಡಿಕೊಂಡು ಕೂತಿದ್ದವನ ಮುಂದೆ ನಲವತ್ತರ ಹತ್ತಿರದ ಹೆಂಗಸೊಬ್ಬರು ಬಂದು ನಿಂತರು. ಕಾಟನ್ ಸೀರೆ, ಕಾಲಿಗೆ ಗಂಡಸರ ಚಪ್ಪಲಿ, ಹೆಗಲಿಗೆ ಇದೇ ಕೇಂದ್ರದ ಹಿಂದಿನ ವರ್ಷದ ಚೀಲ. ಚೀಲದಿಂದ ನುಗ್ಗೆಕಾಯಿ ಇಣುಕುತ್ತಿತ್ತು.

"ಹೋದ ವರ್ಷನೂ ಇದೇ ಕೋರ್ಸಿಗೆ ಬಂದಿದ್ದೆ. ಸ್ಲೈಡ್ ಏನಾದ್ರೂ ಬದಲಾಯ್ತಾ?"

"ಗೊತ್ತಿಲ್ಲ ಮೇಡಂ. ನಾನು ಹೊಸಬ."

"ಬದಲಾಗಿರಲ್ಲ ಬಿಡು. ಬದಲಾಗಿರೋದು ನೀನೊಬ್ಬನೇ."

ಅವರು ನಗರದ ಕಾಲುವೆ ವಿಭಾಗದಲ್ಲಿ ಜೂನಿಯರ್ ಎಂಜಿನಿಯರ್. ಹುಟ್ಟಿ ಬೆಳೆದದ್ದು ಹೊಸ ತಿಪ್ಪಸಂದ್ರ. ತಂದೆ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದಾಗ ಕಚೇರಿಯವರು ಬೇಕೆಂದೇ ಕಾಲುವೆಗೆ ಹಾಕಿದ್ದರು. ಹೆಂಗಸು ಮೋರಿಗೆ ಇಳಿಯುವುದಿಲ್ಲ, ವಾರದೊಳಗೆ ಕಣ್ಣೀರು ಹಾಕಿಕೊಂಡು ವರ್ಗ ಕೇಳುತ್ತಾಳೆ, ಆ ಜಾಗಕ್ಕೆ ಬೇಕಾದವರನ್ನು ಕೂರಿಸಬಹುದು ಎಂಬ ಲೆಕ್ಕ. ಮೇಡಂ ಶಿವಾಜಿನಗರಕ್ಕೆ ಹೋಗಿ ಮಂಡಿವರೆಗಿನ ಗಂಬೂಟು ಕೊಂಡು ತಂದರು. ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಇಳಿದರು. ಅವತ್ತಿನಿಂದ ಕಚೇರಿಗೆ ಅವರ ಮೇಲೆ ಸಿಟ್ಟು, ಅವರಿಗೆ ಕಚೇರಿಯ ಮೇಲೆ. ಯಾವ ತರಬೇತಿಗೆ ಯಾರು ಹೋಗಬೇಕೆಂದು ಸುತ್ತೋಲೆ ಬಂದರೂ ಅವರ ಹೆಸರೇ ಬರೆಯುತ್ತಿದ್ದರು. ಮೂರು ದಿನವಾದರೂ ಆಯಮ್ಮ ಕಚೇರಿಯಲ್ಲಿ ಇರುವುದಿಲ್ಲವಲ್ಲ ಎಂಬ ನೆಮ್ಮದಿಗೆ. ಹೀಗಾಗಿ ಅವರ ಮನೆಯಲ್ಲಿ ತರಬೇತಿಯ ಚೀಲಗಳ ಗುಡ್ಡೆಯೇ ಇತ್ತು. ತಿಪ್ಪಸಂದ್ರ ಮಾರ್ಕೆಟ್ಟಿನ ಸೊಪ್ಪಿನ ಆಂಜನಮ್ಮ, ಅವರದ್ದು ಚೀಲದ ಫ್ಯಾಕ್ಟರಿ ಎಂದೇ ತಿಳಿದಿದ್ದಳು.

ಮೇಡಂಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ. ಮಾತಿನಲ್ಲಿ 'ಸ್ವಾಮಿ' ಬರಲು ಶುರುವಾಗುತ್ತಿತ್ತು. "ಅಲ್ಲ ಸ್ವಾಮಿ" ಎಂದು ಅವರು ಆರಂಭಿಸಿದರೆ ಗೊತ್ತಿದ್ದವರು ಬಾತ್‌ರೂಮಿಗೆ ಎದ್ದು ಹೋಗುತ್ತಿದ್ದರು.

ಅವರ ಸಿಟ್ಟಿಗೆ ಕಾರಣ ಒಂದೇ, ಅದನ್ನು ಯಾರು ಬೇಕಾದರೂ ಅರ್ಥಮಾಡಿಕೊಳ್ಳಬಹುದಿತ್ತು. ಹಲಸೂರಿನ ಕಡೆಯಿಂದ ಒಂದು ಕಾಲುವೆ ಬರುತ್ತದೆ. ಮೇಲಿನ ತುಂಡು ರಾಮಣ್ಣ ಎಂಬ ಎಂಜಿನಿಯರರದ್ದು. ನಡುವಿನ ತುಂಡು, ದೊಮ್ಮಲೂರಿನದು, ಮೇಡಂದು. ಅಲ್ಲಿಂದ ಕೆಳಗೆ, ರಿಂಗ್ ರೋಡಿನಡಿಯ ಮೋರಿ ಮತ್ತು ಅದರಾಚೆಯದ್ದು ಖುರ್ಷೀದ್ ಎಂಬ ವರ್ಕ್ ಇನ್‌ಸ್ಪೆಕ್ಟರರದ್ದು. ಒಂದೊಂದು ಗಡಿಗೂ ಬಿಳಿ ಬಳಿದ ಕಲ್ಲು. ನೀರಿಗೆ ಮಾತ್ರ ಆ ಕಲ್ಲು ಯಾಕೆಂದು ಗೊತ್ತಿಲ್ಲ. ಮಳೆಗಾಲಕ್ಕೆ ಮುಂಚೆ ಹೂಳೆತ್ತಬೇಕು. ಎಲ್ಲರೂ ಎತ್ತುತ್ತಾರೆ, ಆದರೆ ಮೇಲಿಂದ ಎತ್ತುತ್ತಾರೆ. ಮೇಲಿನ ತುದಿ ದೊಡ್ಡ ರಸ್ತೆಯ ಪಕ್ಕ ಇದೆ, ಜೆಸಿಬಿ ಸುಲಭವಾಗಿ ಇಳಿಯುತ್ತದೆ, ಕಾರಿನಲ್ಲಿ ಹೋಗುವ ದೊಡ್ಡವರ ಕಣ್ಣಿಗೂ ಬೀಳುತ್ತದೆ. ಬಕೆಟ್ಟಿಗೆ ಬಂದಷ್ಟು ದಡಕ್ಕೆ, ಕಲಕಿದ ಮಿಕ್ಕದ್ದೆಲ್ಲ ಕೆಳಕ್ಕೆ. ಗಡಿಯ ಕಲ್ಲು ದಾಟಿಸಿದರೆ ಅವರ ಕೆಲಸ ಮುಗಿಯಿತು. ಹೀಗೆ ಒಬ್ಬೊಬ್ಬರೂ ತಮ್ಮ ಮನೆ ಗುಡಿಸಿ ಪಕ್ಕದವರ ಹೊಸಿಲಿಗೆ ತಳ್ಳಿ, ಕೊನೆಗೆ ಅಷ್ಟೂ ಹೂಳು, ಪ್ಲಾಸ್ಟಿಕ್ಕು, ಎಳನೀರು ಬುರುಡೆ ಹೋಗಿ ರಿಂಗ್ ರೋಡಿನ ಮೋರಿಯ ಬಾಯಿಗೆ ಕೂರುತ್ತಿತ್ತು.

ಮೋರಿಗೆ ಸ್ವಲ್ಪ ಮೇಲೆ, ಕಾಲುವೆಯಿಂದ ಹಿಂದೆ ಸರಿದು, ಸಿಮೆಂಟ್ ಶೀಟಿನ ರೂಮುಗಳ ಒಂದು ಸಾಲು. ರಿಂಗ್ ರೋಡು ಬರುವ ಮುಂಚಿನಿಂದಲೂ ಇದ್ದದ್ದು. ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ ಕಲಬುರಗಿ, ರಾಯಚೂರು ಕಡೆಯಿಂದ ಬಂದವರೇ ತುಂಬಿದ್ದರು. ಲಕ್ಷ್ಮಿಕಾಂತನ ರೂಮೂ ಆ ಸಾಲಿನದೇ. ಹಗಲೆಲ್ಲ ನೆರೆಯ ಬಗ್ಗೆ ಬಣ್ಣದ ಕರಪತ್ರ ಹಂಚಿ ಬಂದು ನೆರೆ ನುಗ್ಗುವ ಜಾಗದಲ್ಲೇ ಮಲಗುತ್ತಿದ್ದ. ನಿರ್ವಹಣೆ ಎಂದರೆ ಅವನ ಪಾಲಿಗೆ ಚಾಪೆಯನ್ನು ಎಷ್ಟು ಬೇಗ ಸುತ್ತುತ್ತಾನೆ ಎಂಬುದು.

ಪಕ್ಕದ ರೂಮಿನ ಜಟ್ಟೆಮ್ಮ ಸುರಪುರದ ಕಡೆಯವಳು. ಗಂಡ ಭೀಮು ಗಾರೆ ಕೆಲಸಕ್ಕೆ ಹೋದರೆ ಆಕೆ ಜೋಳದ ರೊಟ್ಟಿ ಬಡಿದು ಸಾಲಿನ ಒಂಟಿ ಗಂಡಸರಿಗೆಲ್ಲ ಮಾರುತ್ತಿದ್ದಳು. ಪ್ರತಿವರ್ಷ ಮೊದಲ ದೊಡ್ಡ ಮಳೆಗೆ ನೀರು ಒಳಗೆ ಬರುತ್ತಿತ್ತು, ಒಲೆ ಆರುತ್ತಿತ್ತು, ಸಾಲಿಗೆ ಸಾಲೇ ಅವತ್ತು ಬನ್ನು ತಿಂದು ಮಲಗುತ್ತಿತ್ತು.

"ತಮ್ಮಾ, ನೀ ನೀರಿನ ಆಫೀಸಿನ್ಯಾಗ ಕೆಲಸ ಮಾಡ್ತಿ ಅಂತಿ. ಅಲ್ಲಿ ಏನ್ ಮಾಡ್ತೀರಿ?"

"ಪ್ರಮಾಣಪತ್ರ ಕೊಡ್ತೀವಿ ಅಕ್ಕಾ."

"ನೀರಿಗೇನು?"

ಲಕ್ಷ್ಮಿಕಾಂತ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡ. ತುಂಬಿದ ಬಾಯಿಯಲ್ಲಿ ಉತ್ತರ ಕೊಡಬಾರದೆಂದು ಅವನಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು.

ಎರಡು ಸಾವಿರದ ಒಂದನೇ ಇಸವಿಯ ಕೋರ್ಸಿಗೆ ಮೇಡಂ ಬಂದವರು ಬಿಲ್ಲೆ ತಗೊಳ್ಳದೆ ಲಕ್ಷ್ಮಿಕಾಂತನ ಮೇಜಿನ ಮೇಲೆ ಕೈಯೂರಿ ನಿಂತರು.

"ಊಟದ ಟೇಬಲ್ ಮೇಲೆ ಹೆಸರಿನ ಚೀಟಿ ಇಡೋದು ನೀನೇ ಅಲ್ವಾ? ಯಾವ ಲೆಕ್ಕದ ಮೇಲೆ ಇಡ್ತೀಯ?"

"ಹುದ್ದೆ ಪ್ರಕಾರ ಮೇಡಂ. ದೊಡ್ಡವರು ವೇದಿಕೆ ಹತ್ರ, ಸಣ್ಣವರು ಬಾಗಿಲ ಹತ್ರ."

"ಈ ಸಲ ನೀರು ಹರಿಯೋ ಪ್ರಕಾರ ಇಡು. ಒಂದು ಕಾಲುವೆಯವರು ಒಂದು ಟೇಬಲ್. ಮೇಲಿನವನ ಪಕ್ಕ ನಡುವಿನವನು, ಅವನ ಪಕ್ಕ ಕೆಳಗಿನವನು. ರಾಮಣ್ಣ, ಖುರ್ಷೀದ್, ನಾನು ನಾಲ್ಕು ವರ್ಷದಿಂದ ಒಂದೇ ಹಾಲ್‌ನಲ್ಲಿ ಉಣ್ತಿದೀವಿ ಕಣೋ. ಒಬ್ಬರ ಮುಖ ಒಬ್ಬರು ನೋಡಿಲ್ಲ."

"ಸುದರ್ಶನ್ ಸರ್ ಬಯ್ತಾರೆ ಮೇಡಂ."

"ಬೈದ್ರೆ ಈಜಿ ತಪ್ಪಿಸ್ಕೊ. ನಿನಗೆ ಬರುತ್ತಂತಲ್ಲ."

ಆ ಸಂದರ್ಶನದ ಕತೆ ಅವರವರೆಗೂ ಹೋಗಿತ್ತು. ಲಕ್ಷ್ಮಿಕಾಂತ ಮರ್ಯಾದೆ ಉಳಿಸಿಕೊಳ್ಳಲು ಒಪ್ಪಿಕೊಂಡ.

ಆ ಮಧ್ಯಾಹ್ನ ಹಾಲಿನಲ್ಲಿ ನಡೆದದ್ದನ್ನು ದೊಂಬಿ ಎನ್ನಲಾಗದು, ಊಟ ಎಂದೂ ಹೇಳಲಾಗದು. ಒಬ್ಬ ದೊಡ್ಡ ಎಂಜಿನಿಯರರ ವ್ಯಾಪ್ತಿ ಯಾವುದೋ ಕಣಿವೆಯ ಕೊಟ್ಟಕೊನೆಯಲ್ಲಿದ್ದ ಕಾರಣ ಅವರ ಹೆಸರಿನ ಚೀಟಿ ಕೈತೊಳೆಯುವ ಬೇಸಿನ್ನಿನ ಪಕ್ಕ ಬಿದ್ದಿತ್ತು. ಅವರು ಚೀಟಿಯನ್ನು ನೋಡಿದರು, ಬೇಸಿನ್ನನ್ನು ನೋಡಿದರು, ಸುದರ್ಶನ್ ಕಡೆ ನೋಡಿದರು. ಸುದರ್ಶನ್ ಲಕ್ಷ್ಮಿಕಾಂತನ ಕಡೆ ನೋಡಿದರು. ಲಕ್ಷ್ಮಿಕಾಂತ ಹಪ್ಪಳದ ಪಾತ್ರೆಯ ಹಿಂದೆ ನಿಂತ.

ಆದರೆ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಮೂರು ಜನ ಮೊದಲ ಸಲ ಒಂದು ಕಾಲುವೆಯ ಬಗ್ಗೆ ಮಾತಾಡುತ್ತಿದ್ದರು.

"ಅಲ್ಲ ಸ್ವಾಮಿ," ಮೇಡಂ ರಾಮಣ್ಣನಿಗೆ ಹೇಳುತ್ತಿದ್ದರು, "ನೀವು ಯುಗಾದಿ ಮುಗೀತಿದ್ದಂಗೆ ಎತ್ತಿಸ್ತೀರಿ. ಖುರ್ಷೀದ್ ಮೇ ಕೊನೆಗೆ ಎತ್ತಿಸ್ತಾರೆ. ನಡುವೆ ಒಂದು ಮಳೆ ಬಂದ್ರೆ ನಿಮ್ಮದೆಲ್ಲ ಎಲ್ಲಿಗೆ ಬರುತ್ತೆ?"

"ನನ್ನ ತಲೆ ಮೇಲೆ," ಖುರ್ಷೀದ್ ಹೇಳಿದರು. ಅಗಲವಾದ ಮೈ, ಮೆಹಂದಿ ಹಚ್ಚಿದ ಗಡ್ಡ. "ಅರೆ ರಾಮಣ್ಣ ಸಾಬ್, ಇಷ್ಟು ದಿನ ಅದು ನಿಮ್ಮದಾ? ನಾನು ಅಲ್ಲಾ ಕೊಟ್ಟಿದ್ದು ಅಂದ್ಕೊಂಡಿದ್ದೆ."

ರಾಮಣ್ಣ ನಕ್ಕರು. ಯಾವುದಕ್ಕೂ ಇಲ್ಲ ಎನ್ನದ, ಯಾವುದನ್ನೂ ಮಾಡದ, ಎಲ್ಲರಿಗೂ ಬೇಕಾದ ಮನುಷ್ಯ. "ಆಯ್ತು ಮೇಡಂ. ಏನ್ ಮಾಡೋಣ ಹೇಳಿ."

"ಕೆಳಗಿಂದ ಮೇಲಕ್ಕೆ ಎತ್ತೋಣ. ಮೊದಲು ಖುರ್ಷೀದ್ ಮೋರಿ ಬಿಡಿಸ್ಲಿ. ಆಮೇಲೆ ನಾನು. ನನ್ನದು ಮುಗೀತು ಅಂತ ಫೋನ್ ಮಾಡಿದ ಮೇಲೆ ನೀವು ಜೆಸಿಬಿ ಇಳಿಸಿ. ಅಷ್ಟೇ."

ಅಷ್ಟೇ. ಅದಕ್ಕೆ ಹೊಸ ಹಣ ಬೇಡ, ಹೊಸ ಯಂತ್ರ ಬೇಡ. ಸರದಿ ತಿರುಗಿಸಿದರೆ ಸಾಕಿತ್ತು. ಆ ವರ್ಷ ಹಾಗೇ ಮಾಡಿದರು. ಮೇ ತಿಂಗಳ ದೊಡ್ಡ ಮಳೆಗೆ ಸಾಲಿನ ಗಂಡಸರೆಲ್ಲ ಹಾಸಿಗೆ ಸುತ್ತಿಕೊಂಡು ಬಾಗಿಲಲ್ಲಿ ನಿಂತರು. ನೀರು ಕಾಲುವೆಯ ಅಂಚಿನವರೆಗೆ ಬಂತು, ಅಲ್ಲೇ ಗೊಣಗುತ್ತ ಹೊರಟುಹೋಯಿತು. ಜಟ್ಟೆಮ್ಮ ಅವತ್ತು ಸಂಜೆ ಬಿಸಿ ರೊಟ್ಟಿ ಬಡಿದಳು. ಲಕ್ಷ್ಮಿಕಾಂತ ತನ್ನಿಂದಲೇ ಊರು ಉಳಿಯಿತು ಎಂಬಂತೆ ಎರಡು ಹೆಚ್ಚು ತಿಂದ.

ಮರುದಿನ ಮೇಡಂ ಗಂಬೂಟು ಹಾಕಿಕೊಂಡೇ ಸಾಲಿಗೆ ಬಂದರು. ಗೋಡೆಗಳ ಮೇಲಿನ ಹಳೆಯ ನೀರಿನ ಗುರುತುಗಳನ್ನು ನೋಡಿದರು. ಜಟ್ಟೆಮ್ಮ ಅಟ್ಟದ ಮೇಲೆ ಹಗ್ಗ ಕಟ್ಟಿ ಏರಿಸಿದ್ದ ಹಿಟ್ಟಿನ ಡಬ್ಬಿ ನೋಡಿದರು.

"ಇಳಿಸ್ಕೊಳಮ್ಮ ಅದನ್ನ. ದಿನಾ ಹತ್ತಿ ಇಳಿದು ಸೊಂಟ ಮುರ್ಕೋತೀಯ. ಇನ್ಮೇಲೆ ಬರಲ್ಲ."

"ಖರೇನಾ ಅಕ್ಕಾರ?"

"ನಾನು ಹೇಳ್ತಿದೀನಲ್ಲ."

ಆ ಮಾತನ್ನು ಜಟ್ಟೆಮ್ಮ ನಂಬಿದಳು. ಮುಂದಿನ ಸುಗ್ಗಿಗೆ ಊರಿಗೆ ಹೋದವಳು ಅಲ್ಲಿಂದಲೇ ವರ್ಷಕ್ಕಾಗುವಷ್ಟು ಬಿಳಿಜೋಳ ಲಾರಿಯಲ್ಲಿ ಹಾಕಿಸಿಕೊಂಡು ಬಂದು, ಮೂಟೆಗಳನ್ನು ರೂಮಿನೊಳಗೆ ನೆಲದ ಮೇಲೆ ಜೋಡಿಸಿ, ಅದರ ಮೇಲೇ ಹಾಸಿಗೆ ಹಾಸಿ ಮಲಗಿದಳು. "ನೋಡು ತಮ್ಮಾ, ಮಂಚ ಮಾಡಿಸೀನಿ," ಎಂದು ತೋರಿಸಿದಳು.

ಎರಡು ಸಾವಿರದ ಎರಡು. ಸುದರ್ಶನ್‌ಗೆ ಆ ವರ್ಷ ದೊಡ್ಡ ಕನಸು ಬಿದ್ದಿತ್ತು. ಕೋರ್ಸಿಗೆ ಬೇರೆ ರಾಜ್ಯಗಳಿಂದ ಪ್ರತಿನಿಧಿಗಳು ಬರುತ್ತಾರೆ, ಸಮಾರೋಪಕ್ಕೆ ಇಲಾಖೆಯ ಅತಿ ಹಿರಿಯ ಅಧಿಕಾರಿ ಬರುತ್ತಾರೆ. ಎರಡನೇ ದಿನದ ಭೇಟಿಗೆ ಒಂದು ಒಳ್ಳೆಯ ಕಾಲುವೆ ಬೇಕಾಗಿತ್ತು, ಬಸ್ಸು ನಿಲ್ಲುವಂಥದ್ದು, ಟೀ ಕುಡಿಯಲು ಜಾಗ ಇರುವಂಥದ್ದು. ಅವರು ರಾಮಣ್ಣನಿಗೆ ಫೋನ್ ಮಾಡಿದರು. ರಾಮಣ್ಣ "ಆಯ್ತು ಸರ್" ಎಂದರು.

ಭೇಟಿಯ ಬೆಳಿಗ್ಗೆ ಲಕ್ಷ್ಮಿಕಾಂತ ಟೀ ಕ್ಯಾನು, ಬಿಸ್ಕತ್ತಿನ ಪೊಟ್ಟಣದೊಂದಿಗೆ ಮುಂಚಿತವಾಗಿ ಹಲಸೂರಿನ ಕಡೆ ಹೋದ. ಕಾಲುವೆಯ ಗುರುತೇ ಸಿಗಲಿಲ್ಲ. ಗೋಡೆಗೆ ಸುಣ್ಣ, ಅಂಚಿಗೆ ಕೆಂಪು ಪಟ್ಟಿ, ದಡದ ಮೇಲೆ ಶಾಮಿಯಾನ, ಕ್ರೋಟನ್ ಗಿಡದ ಕುಂಡಗಳು. ತಳ ಎಷ್ಟು ಚೊಕ್ಕಟವಾಗಿತ್ತೆಂದರೆ ಅವನಿಗೆ ಅಲ್ಲಿ ಈಜಿ ತೋರಿಸುವ ಆಸೆಯಾಯಿತು. ಪ್ರತಿನಿಧಿಗಳು ಬಸ್ಸಿನಿಂದಿಳಿದು ಫೋಟೋ ತೆಗೆದರು, ಪ್ಯಾಡಿನಲ್ಲಿ ಬರೆದುಕೊಂಡರು. ಸುದರ್ಶನ್ ಕೈಬೀಸಿ ವಿವರಿಸಿದರು.

ಮೇಡಂ ಬಸ್ಸಿನಿಂದ ಕೊನೆಗೆ ಇಳಿದರು. ಸ್ವಲ್ಪ ಹೊತ್ತು ಕಾಲುವೆಯ ತಳವನ್ನೇ ನೋಡಿದರು. ಆಮೇಲೆ ಶಾಮಿಯಾನದಡಿ ನಿಂತಿದ್ದ ರಾಮಣ್ಣನ ಹತ್ತಿರ ಹೋದರು.

"ಇಲ್ಲಿದ್ದ ಹೂಳೆಲ್ಲಿ ಸ್ವಾಮಿ?"

"ಎತ್ತಿಸಿದ್ವಲ್ಲ ಮೇಡಂ. ಮೊನ್ನೆ."

"ದಡದ ಮೇಲೆ ಒಂದು ಬುಟ್ಟಿನೂ ಕಾಣಿಸ್ತಿಲ್ಲ."

"ಫಾರಿನ್‌ನವರ ಥರ ಜನ ಬರ್ತಾರೆ, ದಡದ ಮೇಲೆ ಗುಡ್ಡೆ ಇದ್ರೆ ಚೆನ್ನಾಗಿರಲ್ಲ ಅಂದ್ರು ಸುದರ್ಶನ್ ಸರ್. ನೀರು ಬಿಟ್ಟು ಹಂಗೇ ಕೆಳಕ್ಕೆ..."

"ಖುರ್ಷೀದ್‌ಗೆ ಇನ್ನೂ ಕೆಲಸದ ಆದೇಶ ಬಂದಿಲ್ಲ. ನಂದೂ ಶುರುವಾಗಿಲ್ಲ. ಕೆಳಗಿಂದ ಅಂತ ಮಾತಾಗಿತ್ತು."

"ಒಂದು ಸಲಕ್ಕೆ ಏನಾಗುತ್ತೆ ಮೇಡಂ. ಬಿಸಿಲು ನೋಡಿ ಹೆಂಗಿದೆ."

ಮೇಡಂ ಬಿಸಿಲು ನೋಡಲಿಲ್ಲ. ಲಕ್ಷ್ಮಿಕಾಂತ ಟೀ ಲೋಟ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಅದನ್ನು ಅವರು ತಗೊಳ್ಳದೆ, ರಸ್ತೆಗೆ ಓಡಿ ಆಟೋ ನಿಲ್ಲಿಸಿದರು. ಅವನು ಲೋಟವನ್ನು ರಾಮಣ್ಣನ ಕೈಗೆ ತುರುಕಿ ಹಿಂದೆಯೇ ಓಡಿ ಆಟೋ ಹತ್ತಿದ. ಯಾಕೆ ಹತ್ತಿದನೆಂದು ಕೇಳಿದರೆ ಜಟ್ಟೆಮ್ಮನ ಮೂಟೆಗಳು ನೆನಪಾದವು ಎನ್ನಬೇಕು. ಅವನ ಚಾಪೆಯೂ ನೆಲದ ಮೇಲೇ ಇತ್ತು ಎನ್ನುವುದೂ ಸುಳ್ಳಲ್ಲ.

ಮೋರಿಯ ಬಾಯಿ ಅರ್ಧ ಮುಚ್ಚಿಹೋಗಿತ್ತು. ಕಪ್ಪು ಹೂಳು ಹಸಿಯಾಗಿ, ನಾರುತ್ತ, ಮೇಲಿನ ಊರಿನ ಚಪ್ಪಲಿ, ಟೈರು, ಹಾಲಿನ ಕವರುಗಳ ಸಮೇತ ಕೂತಿತ್ತು. ಖುರ್ಷೀದ್‌ಗೆ ಬೂತಿನಿಂದ ಫೋನ್ ಹೋಯಿತು; ಅವರು ಆ ವರ್ಷದ ಕೋರ್ಸಿಗೆ ಬಂದಿರಲಿಲ್ಲ. ಆದೇಶ, ಕಂಟ್ರಾಕ್ಟರು ಎಂದು ಒಂದು ಮಾತೂ ಆಡದೆ ಶಿವಾಜಿನಗರದಿಂದ ನಾಲ್ಕು ಜನ ಕೂಲಿಗಳನ್ನು ಟೆಂಪೊದಲ್ಲಿ ಹಾಕಿಕೊಂಡು ಬಂದರು. ಮೇಡಂ ಗಂಬೂಟಿಲ್ಲದೆ, ಸೀರೆ ಸಿಕ್ಕಿಸಿ ಇಳಿದರು. ಲಕ್ಷ್ಮಿಕಾಂತ ತರಬೇತಿ ಕೇಂದ್ರದ ಟೈ ಕಟ್ಟಿಕೊಂಡೇ ಇಳಿದ. ಭೀಮು ಮಧ್ಯಾಹ್ನದ ಊಟಕ್ಕೆ ಬಂದವನು ಬಾಂಡ್ಲಿ ಹಿಡಿದ. ಒಂದಷ್ಟು ತೆಗೆದರು. ಮಧ್ಯಾಹ್ನ ಕಳೆದು ಗಾಳಿ ತಣ್ಣಗಾಯಿತು, ಹಲಸೂರಿನ ಮೇಲೆ ಆಕಾಶ ಕಪ್ಪಾಯಿತು. ಖುರ್ಷೀದ್ ಮೇಲೆ ನೋಡಿ, "ಮೇಡಂ, ಹತ್ತಿ ಮೇಲೆ," ಎಂದರು. ಮೇಡಂ ಹತ್ತಲಿಲ್ಲ. ಕೊನೆಗೆ ಖುರ್ಷೀದ್ ತಾವೇ ತೋಳು ಹಿಡಿದು ಎಳೆದುಕೊಂಡರು. ಅಷ್ಟರಲ್ಲಿ ಮೇಲಿನ ಕಾಲುವೆ, ಆ ಸುಣ್ಣ ಬಳಿದ ಚೊಕ್ಕಟ ಕಾಲುವೆ, ಎಲ್ಲೂ ತಡೆಯಿಲ್ಲದೆ ಅಷ್ಟೂ ನೀರನ್ನು ಒಂದೇ ಉಸಿರಿಗೆ ಕೆಳಗೆ ಕಳಿಸಿತು.

ನೀರು ಮೋರಿಗೆ ಬಂದು ನಿಂತಿತು, ಹಿಂದಕ್ಕೆ ತಿರುಗಿತು, ಸಾಲಿನ ಬಾಗಿಲುಗಳೊಳಗೆ ಹೋಯಿತು. ಈಜು ಬರುವ ಲಕ್ಷ್ಮಿಕಾಂತನಿಗೆ ಆ ತೊಡೆಯುದ್ದದ ಕಪ್ಪು ನೀರಿನಲ್ಲಿ ಮಾಡಲು ಸಾಧ್ಯವಾದದ್ದು ಒಂದು ಮೂಟೆಯ ತುದಿ ಹಿಡಿದು ಎಳೆಯುವುದು. ನೆನೆದ ಜೋಳದ ಮೂಟೆ ಹೆಣದಂತೆ ಭಾರ. ಅದು ಅಲುಗಲೇ ಇಲ್ಲ.

ಬೆಳಿಗ್ಗೆ ಸಾಲಿನ ಮುಂದೆ ಜೋಳ ಹರಡಿತ್ತು. ಒಣಗಲಿ ಎಂದು ಹಾಕಿದ್ದಲ್ಲ, ಎಸೆಯಲು ತೆಗೆದಿಟ್ಟದ್ದು. ಕಪ್ಪಾಗಿ, ಉಬ್ಬಿ, ಮೋರಿಯ ವಾಸನೆ ಹೊಡೆಯುತ್ತಿತ್ತು. ಮೇಡಂ ಬಂದಾಗ ಜಟ್ಟೆಮ್ಮ ಅಳುತ್ತಿರಲಿಲ್ಲ. ಹೊಸಿಲ ಮೇಲೆ ಕೂತು ಕೆಸರು ಕೆರೆಯುತ್ತಿದ್ದಳು.

"ಅಕ್ಕಾರ, ಬರಂಗಿಲ್ಲ ಅಂದಿದ್ರಿ."

"ಅಂದಿದ್ದೆ."

"ಮತ್ತ ಯಾಕ ಬಂತು?"

ಜಟ್ಟೆಮ್ಮ ಕಾಯ್ದಳು. ಆಮೇಲೆ ತಲೆ ತಗ್ಗಿಸಿ ಮತ್ತೆ ಕೆರೆಯತೊಡಗಿದಳು.

"ಹೇಳೂದು ಇಲ್ಲದಿದ್ರ ಬಿಡ್ರಿ. ದಾರಿ ಬಿಡ್ರಿ, ನೀರ್ ಚೆಲ್ಲಬೇಕು."

ಅದೇ ಮಧ್ಯಾಹ್ನ ಸಮಾರೋಪ. ಮೇಡಂ ಕೆಸರಿನ ಸೀರೆ ಬದಲಿಸಿ ಬಂದಿದ್ದರು, ಉಗುರಿನೊಳಗಿನದ್ದು ಹೋಗಿರಲಿಲ್ಲ. ಹಾಲಿನ ಹಿಂದೆ, ಪ್ರಮಾಣಪತ್ರಗಳ ಮೇಜಿನ ಹತ್ತಿರ, ರಾಮಣ್ಣ ಅವರನ್ನು ತಡೆದರು. ಲಕ್ಷ್ಮಿಕಾಂತ ರಿಬ್ಬನ್ ಕಟ್ಟುತ್ತಿದ್ದ, ಅವನೊಬ್ಬ ಅಲ್ಲಿದ್ದಾನೆ ಎಂಬುದು ರಾಮಣ್ಣನಿಗೆ ಲೆಕ್ಕಕ್ಕಿರಲಿಲ್ಲ.

"ಮೇಡಂ, ಬೆಳಿಗ್ಗೆನೇ ಮೇಲಿನವರ ಹತ್ರ ಮಾತಾಡ್ಬಿಟ್ಟಿದೀನಿ. ಅತಿಮಳೆ, ಜೊತೆಗೆ ಒತ್ತುವರಿ. ಆ ಶೀಟಿನ ರೂಮುಗಳು ಕಾಲುವೆಗೆ ಅಡ್ಡ ಬಂದಿವೆ ಅಂತ. ಜಾಗ ನಿಮ್ಮ ವ್ಯಾಪ್ತಿ, ಹೌದು ಅಂತ ನೀವು ಒಂದು ಮಾತು ಅಂದ್ರೆ ಸಾಕು. ನಿಮಗೂ ಏನಿಲ್ಲ, ನನಗೂ ಏನಿಲ್ಲ."

"ರೂಮುಗಳು?"

"ತೆಗಿತಾರೆ. ಸೋಮವಾರವೇ ತೆಗಿತಾರೆ. ಪ್ರತಿವರ್ಷದ ಗೋಳು ತಪ್ಪುತ್ತೆ."

"ಅನ್ನಲ್ಲ ಅಂದ್ರೆ?"

ರಾಮಣ್ಣ ನಗುತ್ತಲೇ ಹೇಳಿದರು. "ನಿಮ್ಮ ವ್ಯಾಪ್ತೀಲಿ ಹೂಳೆತ್ತಿರಲಿಲ್ಲ ಅನ್ನೋದು ಸತ್ಯ ಅಲ್ವಾ ಮೇಡಂ? ಅಮಾನತ್ತಿಗೆ ಅಷ್ಟು ಸಾಕು. ಮನೇಲಿ ಮಗಳ ಕಾಲೇಜು ಬೇರೆ ಇದೆ ನಿಮಗೆ."

ಮೇಡಂ ಹೋಗಿ ಕೂತರು. ಅವತ್ತು ಸ್ವಾಮಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅದು ಬಾರದಷ್ಟು ದೂರ ಹೋಗಿತ್ತು ಸಿಟ್ಟು. ಲಕ್ಷ್ಮಿಕಾಂತನ ಕೈಯಲ್ಲಿ ರಿಬ್ಬನ್ ಗಂಟಾಯಿತು. ಅವನು ಅದನ್ನು ಬಿಡಿಸಲು ಹೋಗಲಿಲ್ಲ. 'ನೆರೆ ನಿರ್ವಹಣೆಯಲ್ಲಿ ಪರಿಣತಿ' ಎಂದು ತನ್ನದೇ ದುಂಡನೆಯ ಅಕ್ಷರದಲ್ಲಿ ಬರೆದಿದ್ದ ರಾಮಣ್ಣನ ಪ್ರಮಾಣಪತ್ರ ಮೇಲೇ ಇತ್ತು. ಅಷ್ಟು ಚೆನ್ನಾಗಿ ಬರೆಯಬಾರದಿತ್ತು ಎನ್ನಿಸಿತು.

ಹಿರಿಯ ಅಧಿಕಾರಿ ಬಂದರು, ಹಾರ ಬಿತ್ತು, ದೀಪ ಹತ್ತಿತು. ಸುದರ್ಶನ್ ಕಾಲುವೆಯ ಭೇಟಿ ಹೇಗೆ ಎಲ್ಲರ ಮನ ಗೆದ್ದಿತು ಎಂದು ಹೇಳಿದರು. ಇನ್ನೇನು ಪ್ರಮಾಣಪತ್ರ ಹಂಚಬೇಕು, ಅಷ್ಟರಲ್ಲಿ ವಿಜಯವಾಡದಿಂದ ಬಂದಿದ್ದ ಒಬ್ಬ ಎಳೆಯ ಎಂಜಿನಿಯರ್ ಎದ್ದು ನಿಂತ. ಕೈಯಲ್ಲಿ ಅವತ್ತಿನ ಪೇಪರು, ಬಗಲಲ್ಲಿ ಪ್ಯಾಡು. ಅವನದ್ದು ಹುಡುಕಿ ಹುಡುಕಿ ಆಡುವ, ತೆಲುಗು ಬೆರೆತ ಕನ್ನಡ.

"ಸಾರ್, ಒಂದು ಸಂದೇಹ. ನಿನ್ನೆ ನಾವು ನೋಡಿದ ಕಾಲುವೆ ಬಹಳ ಚೆನ್ನಾಗಿತ್ತು. ಅದೇ ಕಾಲುವೆ ಕೆಳಗೆ, ಅದೇ ಸಾಯಂತ್ರ, ಮನೆಗಳಿಗೆ ನೀರು ಹೋಯಿತು ಅಂತ ಇದರಲ್ಲಿದೆ. ಯಾಕೆ ಹೋಯಿತು?"

ಹಿರಿಯ ಅಧಿಕಾರಿ ಸುದರ್ಶನ್ ಕಡೆ ತಿರುಗಿದರು. ಸುದರ್ಶನ್ ನಗು ಹಾಗೇ ಇಟ್ಟುಕೊಂಡು, "ಅತಿಮಳೆ. ಜೊತೆಗೆ ಅಲ್ಲಿ ಒಂದಷ್ಟು ಮನೆ ಅಡ್ಡ ಇವೆ ಅಂತ ಕೇಳಿದೀನಿ. ಆ ಜಾಗ ನೋಡ್ಕೊಳ್ಳೋ ಜಲಜಾ ಮೇಡಂ ಇಲ್ಲೇ ಇದಾರೆ, ಅವರೇ ಹೇಳ್ತಾರೆ," ಎಂದು ಮೈಕನ್ನು ಲಕ್ಷ್ಮಿಕಾಂತನಿಗೆ ಕೊಟ್ಟರು, ಅವರಿಗೆ ಮುಟ್ಟಿಸಲೆಂದು.

ಲಕ್ಷ್ಮಿಕಾಂತ ಮೈಕು ತಗೊಂಡು ಸಾಲುಗಳ ನಡುವೆ ನಡೆದ. ಮೇಡಂ ಎದ್ದು ನಿಂತಿದ್ದರು. ರಾಮಣ್ಣ ತಮ್ಮ ಮೊಣಕಾಲು ನೋಡಿಕೊಳ್ಳುತ್ತಿದ್ದರು. ಮೇಡಂ ಮೈಕು ಹಿಡಿದು, ವಿಜಯವಾಡದ ಹುಡುಗನ ಕಡೆಗೆ ಪೂರ್ತಿ ತಿರುಗಿ ನಿಂತು ಹೇಳಿದರು.

"ನಿಮಗೆ ತೋರಿಸೋದಕ್ಕೆ ಅಂತ ಮೇಲಿನ ಹೂಳನ್ನ ಕೆಳಗೆ ತಳ್ಳಿದ್ವಿ, ಅದಕ್ಕೇ ಹೋಯ್ತು. ಮನೆಗಳು ಎಲ್ಲೂ ಅಡ್ಡ ಇಲ್ಲ. ಬರ್ಕೊಳ್ಳಿ."